ವಿದೇಶದಲ್ಲಿ ಕೈ ಬರಿದಾದ ಕುಟುಂಬಕ್ಕೆ ಊರಿನಿಂದ ಹಣ ತಲುಪಿಸುವ ದಾರಿ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ಈಗ ಬೆಂಗಳೂರಿನಿಂದ ಮಾತ್ರವಲ್ಲ, ನಮ್ಮ ಶಿವಮೊಗ್ಗ, ಹಾಸನ, ದಾವಣಗೆರೆಯಂಥ ಊರುಗಳಿಂದಲೂ ಮಕ್ಕಳು, ವಯಸ್ಸಾದವರ ಸಮೇತ ಕುಟುಂಬಗಳು ಬ್ಯಾಂಕಾಕ್, ಕೌಲಾಲಂಪುರ, ಕೊಲಂಬೊ, ದುಬೈಗಳಿಗೆ ಹೊರಡುತ್ತವೆ. ಹೀಗೆ ಹೋದವರು ನಡುವೆ ಹಣ ಸಾಲದೆ ಪರದಾಡಿದ ಸುದ್ದಿ ಬಂದಾಗ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ಹೇಳಿ ಮುಗಿಸಿಬಿಡುವವರೇ ಹೆಚ್ಚು. ಬ್ಯಾಂಕ್ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಈ ಮಾತು ಸರಿಯೆನಿಸುವುದಿಲ್ಲ. ನಾನು ಕಂಡ ಇಂಥ ಪ್ರಕರಣಗಳಲ್ಲಿ ಬಹುತೇಕ ಕುಟುಂಬಗಳಿಗೆ ಹಣವಿರಲಿಲ್ಲ ಎಂಬುದೇ ಸುಳ್ಳು. ಹಣ ಊರಿನ ಖಾತೆಯಲ್ಲಿ ಭದ್ರವಾಗಿತ್ತು. ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ ಕೈಗೆ ಸಿಗಲಿಲ್ಲ, ಅಷ್ಟೆ. ಇದನ್ನು ಸರಿಪಡಿಸುವ ಹೊಣೆ ಪ್ರವಾಸಿಗರಿಗಿಂತ ಹೆಚ್ಚಾಗಿ ನಮ್ಮ ಬ್ಯಾಂಕುಗಳ ಮೇಲೂ ಅವುಗಳಿಗೆ ನಿಯಮ ರೂಪಿಸುವವರ ಮೇಲೂ ಇದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ತಮ್ಮನ ಮಗಳು ಗಂಡ, ಮಕ್ಕಳು ಹಾಗೂ ಅತ್ತೆಯವರೊಂದಿಗೆ ಬ್ಯಾಂಕಾಕ್‌ಗೆ ಹೋಗಿದ್ದಳು. ಪ್ಯಾಕೇಜಿನ ಹಣ ಮೊದಲೇ ಕಟ್ಟಿಯಾಗಿತ್ತು. ಕೈಖರ್ಚಿಗೆಂದು ಫಾರೆಕ್ಸ್ ಕಾರ್ಡಿಗೆ, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಬಳಸುವ ಕಾರ್ಡಿಗೆ, ಡಾಲರ್ ತುಂಬಿಸಿಕೊಂಡಿದ್ದರು. ಹೋಟೆಲಿಗೆ ಕಾಲಿಟ್ಟ ಕೂಡಲೇ ಎರಡು ಕೊಠಡಿಗಳ ಠೇವಣಿಯೆಂದು ಅದೇ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿದರು. ವಿದೇಶಿ ಹೋಟೆಲುಗಳಲ್ಲಿ ಇದು ವಾಡಿಕೆ. ಕ್ರೆಡಿಟ್ ಕಾರ್ಡಿನಲ್ಲಿ ಹೀಗೆ ಮಾಡಿದರೆ ಸಾಲದ ಮಿತಿಯಷ್ಟೇ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಿನಲ್ಲಾದರೆ ನಮ್ಮದೇ ಹಣ ಸಿಕ್ಕಿಕೊಳ್ಳುತ್ತದೆ, ಕೊಠಡಿ ಖಾಲಿ ಮಾಡಿದ ಮೇಲೂ ಅದು ಕಾರ್ಡಿಗೆ ಮರಳಲು ಹಲವು ದಿನ ಹಿಡಿಯುವುದುಂಟು. ಕಾರ್ಡ್ ಮಾರುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಅಂದು ಎರಡನೇ ಶನಿವಾರ. ಸಂಜೆಯ ಹೊತ್ತಿಗೆ ಅತ್ತೆಯವರಿಗೆ ವಾಂತಿ ಭೇದಿ ಹೆಚ್ಚಾಗಿ ಆಸ್ಪತ್ರೆಗೆ ಕರೆದೊಯ್ದರೆ, ದಾಖಲಾತಿಗೆ ಮುಂಗಡ ಕಟ್ಟಬೇಕೆಂದರು. ಪ್ರವಾಸ ವಿಮೆ ಇತ್ತಾದರೂ ವಿಮಾ ಕಂಪನಿಯ ಒಪ್ಪಿಗೆ ಬರುವ ತನಕ ಕೈಯಿಂದಲೇ ಕೊಡಬೇಕಿತ್ತು. ಫಾರೆಕ್ಸ್ ಕಾರ್ಡಿನಲ್ಲಿ ಉಳಿದಿದ್ದ ಹಣ ಸಾಲಲಿಲ್ಲ. ಅಳಿಯ ತನ್ನ ಡೆಬಿಟ್ ಕಾರ್ಡ್ ಕೊಟ್ಟರೆ ಯಂತ್ರ ನಿರಾಕರಿಸಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದಲ್ಲಿ ಬಳಸಬೇಕಾದರೆ ಆ್ಯಪ್, ನೆಟ್‌ಬ್ಯಾಂಕಿಂಗ್, ಎಟಿಎಂ ಅಥವಾ ಫೋನ್ ಮೂಲಕ ಗ್ರಾಹಕರೇ ಆ ಅನುಮತಿಯನ್ನು ತೆರೆಯಬೇಕು. ವಂಚನೆ ತಡೆಯಲು ಇದು ಒಳ್ಳೆಯ ನಿಯಮವೇ. ಆದರೆ ಆ ಅನುಮತಿ ತೆರೆಯಲು ಬ್ಯಾಂಕ್ ಒಟಿಪಿ ಕೇಳಿತು. ಒಟಿಪಿ ಬರಬೇಕಾದ ಸಿಮ್‌ಗೆ ರೋಮಿಂಗ್ ಇರಲಿಲ್ಲ. ಅಲ್ಲಿ ಕೊಂಡ ಥಾಯ್ ಸಿಮ್‌ಗೆ ಅದು ಬರುವಂತಿಲ್ಲ. ಆಸ್ಪತ್ರೆಯ ವೈಫೈ ಹಿಡಿದು ಅವಳು ನನಗೆ ಕರೆ ಮಾಡಿದಳು. “ದೊಡ್ಡಪ್ಪ, ನನ್ನ ಖಾತೆಗೆ ದುಡ್ಡು ಹಾಕಬೇಡಿ, ಅಲ್ಲಿ ಬೇಕಾದಷ್ಟಿದೆ. ಇಲ್ಲಿಗೆ ಬರೋ ಹಾಗೆ ಏನಾದರೂ ಮಾಡಿ” ಎಂದಳು.

ಏನೂ ಮಾಡಲಾಗಲಿಲ್ಲ. ಫಾರೆಕ್ಸ್ ಕಾರ್ಡಿಗೆ ಇಲ್ಲಿಂದ ಮತ್ತೆ ಹಣ ತುಂಬಿಸಲು ಅವರ ಬ್ಯಾಂಕಿನಲ್ಲಿ ವಿದೇಶಿ ವಿನಿಮಯ ಕೋರುವ ಎ2 ಅರ್ಜಿ, ಪ್ಯಾನ್ ವಿವರ, ಸಹಿ ಎಲ್ಲವೂ ಬೇಕಿತ್ತು, ಅದೂ ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯಲ್ಲಿ. ಮಾರನೆಯ ದಿನ ಭಾನುವಾರ. ಆನ್‌ಲೈನಿನಲ್ಲಿ ಮಾಡೋಣವೆಂದರೆ ಅಲ್ಲಿಯೂ ಅದೇ ಸಿಮ್‌ಗೆ ಹೋಗುವ ಒಟಿಪಿ. ಕೊನೆಗೆ ಭಾನುವಾರ ಮಧ್ಯಾಹ್ನ ಅಳಿಯನ ಇನ್ನೊಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ಆ್ಯಪ್, ಒಟಿಪಿ ಕೇಳದೆ ಪಿನ್ ಒಂದರಿಂದಲೇ ವಿದೇಶ ಬಳಕೆಗೆ ಅನುಮತಿ ಕೊಟ್ಟಿತು. ಆಸ್ಪತ್ರೆಯ ಲೆಕ್ಕ ಅದರಿಂದ ತೀರಿತು. ಆ್ಯಪಿನ ಪಿನ್ ಸಾಕೆಂದು ಒಂದು ಬ್ಯಾಂಕ್ ಒಪ್ಪಬಹುದಾದರೆ ಉಳಿದವು ಏಕೆ ಒಪ್ಪಬಾರದು? ಶನಿವಾರ ಸಂಜೆಗೂ ಭಾನುವಾರ ಮಧ್ಯಾಹ್ನಕ್ಕೂ ನಡುವಿನ ಆ ಒಂದು ರಾತ್ರಿ, ಕಾಯಿಲೆ ಬಿದ್ದ ಹಿರಿಯರನ್ನೂ ಹಸಿದ ಮಕ್ಕಳನ್ನೂ ಇಟ್ಟುಕೊಂಡು, ಭಾಷೆ ತಿಳಿಯದ ಊರಿನಲ್ಲಿ ಆ ಹೆಣ್ಣುಮಗಳು ಪಟ್ಟ ಪಾಡನ್ನು ನಾನು ಮರೆಯಲಾರೆ.

ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿಯೂ ಇಂಥ ಸಂಕಟ ಬರುತ್ತದೆ. 2024ರ ಏಪ್ರಿಲ್ 16ರಂದು ದುಬೈನಲ್ಲಿ ಸುರಿದ ದಾಖಲೆ ಮಳೆಗೆ ವಿಮಾನ ನಿಲ್ದಾಣವೇ ಜಲಾವೃತವಾಗಿ, ಸಾವಿರಾರು ಪ್ರಯಾಣಿಕರು ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ವಾಪಸ್ ಟಿಕೆಟ್ ದಿನಕ್ಕೆ ಸರಿಯಾಗಿ ಹಣ ಲೆಕ್ಕ ಹಾಕಿಕೊಂಡು ಹೋದ ಕುಟುಂಬಕ್ಕೆ ಹೆಚ್ಚುವರಿ ಎರಡು ರಾತ್ರಿಯ ಕೊಠಡಿ, ಊಟ, ಟ್ಯಾಕ್ಸಿ ಎಂದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ನೇಪಾಳದ ಪಶುಪತಿನಾಥ, ಮುಕ್ತಿನಾಥಗಳಿಗೆ ಹೋಗುವ ನಮ್ಮ ಯಾತ್ರಿಕರದು ಇನ್ನೊಂದು ಬಗೆಯ ತೊಂದರೆ. 2018ರ ಡಿಸೆಂಬರ್‌ನಲ್ಲಿ ಆ ದೇಶ ನೂರು ರೂಪಾಯಿಗಿಂತ ಹೆಚ್ಚಿನ ಮುಖಬೆಲೆಯ ಭಾರತೀಯ ನೋಟುಗಳನ್ನು ನಿಷೇಧಿಸಿದಾಗ, ಜೇಬಿನಲ್ಲಿ ಐನೂರರ ನೋಟುಗಳಿದ್ದರೂ ಅವನ್ನು ಚಲಾಯಿಸುವಂತಿರಲಿಲ್ಲ. ಹೊರಡುವ ವಾರದಲ್ಲಿ ಅಲ್ಲಿನ ನಿಯಮ ಏನಿದೆ ಎಂದು ಕೇಳಿಕೊಂಡೇ ಹೋಗಬೇಕು.

ಯುಪಿಐ ಎಲ್ಲೆಡೆ ನಡೆಯುತ್ತದೆ ಎಂಬ ನಂಬಿಕೆಯೂ ಹಲವರಲ್ಲಿದೆ. 2024ರ ಫೆಬ್ರುವರಿ 12ರಿಂದ ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ ನಮ್ಮ ಯುಪಿಐ ಚಾಲ್ತಿಗೆ ಬಂದಿದೆ, ಭೂತಾನ್‌ನಲ್ಲಿ 2021ರಿಂದಲೇ ಇದೆ. ಆದರೆ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಬೇರೆಯಾಗಿ ತೆರೆದಿರಬೇಕು, ಅಂಗಡಿಯವರಲ್ಲಿಯೂ ಆ ವ್ಯವಸ್ಥೆ ಇರಬೇಕು. ಹಾಗೆಯೇ ಸಾಮಾನ್ಯ ಉಳಿತಾಯ ಖಾತೆಗಳೊಂದಿಗೆ ಕೊಡುವ ರುಪೇ ಕಾರ್ಡುಗಳೆಲ್ಲವೂ ವಿದೇಶದಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇರೆ ಬಗೆಯ ರುಪೇ ಕಾರ್ಡ್ ಇದೆ. ಕಾರ್ಡಿನ ಮೇಲೆ ಕಣ್ಣಾಡಿಸಿ ಇದನ್ನು ಹೇಳಲು ಕೌಂಟರಿನಲ್ಲಿ ಕುಳಿತವರಿಗೆ ಅರ್ಧ ನಿಮಿಷ ಸಾಕು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ದುಬೈನಲ್ಲಿ ದುಡಿಯುವ ಮಗ ಭಟ್ಕಳದಲ್ಲಿರುವ ತಾಯಿಗೆ ಹಣ ಕಳಿಸಿದರೆ, ತಾಯಿ ಗುರುತಿನ ಚೀಟಿ ತೋರಿಸಿ ಹತ್ತಿರದ ಏಜೆಂಟರ ಕೌಂಟರಿನಲ್ಲಿ 50,000 ರೂಪಾಯಿವರೆಗೆ ನಗದಾಗಿಯೇ ಪಡೆಯಬಹುದು. ರಿಸರ್ವ್ ಬ್ಯಾಂಕಿನ ಹಣ ವರ್ಗಾವಣೆ ಸೇವಾ ಯೋಜನೆಯಡಿ ಇದು ವರ್ಷಗಳಿಂದ ನಡೆದು ಬಂದಿದೆ. ಆದರೆ ಆ ಯೋಜನೆ ಒಳಬರುವ ಹಣಕ್ಕೆ ಮಾತ್ರ. ಅದೇ ತಾಯಿ, ಪರದೇಶದಲ್ಲಿ ಪರ್ಸ್ ಕಳೆದುಕೊಂಡ ಮಗಳಿಗೆ ಶನಿವಾರ ರಾತ್ರಿ ಹತ್ತು ಸಾವಿರ ರೂಪಾಯಿ ತಲುಪಿಸಬೇಕೆಂದರೆ ಆ ಕೌಂಟರಿನಿಂದ ಆಗದು. ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಭಾರತೀಯ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಅಷ್ಟು ದೊಡ್ಡ ಮೊತ್ತಕ್ಕೆ ಕಾನೂನಿನ ಸಮ್ಮತಿ ಇರುವಾಗ, ಕಷ್ಟಕಾಲದ ಸಣ್ಣ ಮೊತ್ತಕ್ಕೆ ದಾರಿಯಿಲ್ಲದಿರುವುದು ನ್ಯಾಯವಲ್ಲ.

ದಾರಿಯಿಲ್ಲದಾಗ ಜನ ಅಡ್ಡದಾರಿ ಹಿಡಿಯುತ್ತಾರೆ. ‘ಇಲ್ಲಿ ನಮ್ಮವರ ಖಾತೆಗೆ ರೂಪಾಯಿ ಹಾಕಿ, ಅಲ್ಲಿ ನಾವು ಥಾಯ್ ಹಣ ಬಾತ್ ಕೊಡುತ್ತೇವೆ’ ಎನ್ನುವ ಅಪರಿಚಿತರು ಪ್ರವಾಸಿ ತಾಣಗಳಲ್ಲಿ ಸಿಗುತ್ತಾರೆ. ಇದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ ವಿರುದ್ಧ, ಜೊತೆಗೆ ಹಣ ಹಾಕಿದ ಮೇಲೆ ಅವರು ನಾಪತ್ತೆಯಾದರೆ ಕೇಳುವವರಿಲ್ಲ. ಇನ್ನು ವಾಟ್ಸ್‌ಆ್ಯಪ್ ಖಾತೆಯನ್ನು ಕದ್ದು ‘ವಿದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಹಣ ಕಳಿಸಿ’ ಎಂದು ಬಂಧುಗಳಿಗೆ ಸಂದೇಶ ಕಳಿಸುವ ವಂಚಕರೂ ಇದ್ದಾರೆ. ಇಂಥ ಸಂದೇಶ ಬಂದವರು ವಿಡಿಯೊ ಕರೆ ಮಾಡಿ ಮುಖ ನೋಡದೆ ಒಂದು ರೂಪಾಯಿಯನ್ನೂ ಕಳಿಸಬಾರದು.

ರಾಯಭಾರ ಕಚೇರಿಗೆ ಹೋಗಬಹುದಲ್ಲ ಎಂದು ಕೇಳುವವರಿಗೆ ಒಂದು ಮಾತು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನಮ್ಮ ರಾಯಭಾರ ಕಚೇರಿಗಳು ನಿಜವಾಗಿ ನಿರ್ಗತಿಕರಾದವರಿಗೆ ವಸತಿ, ತುರ್ತು ಚಿಕಿತ್ಸೆ, ಊರಿಗೆ ಮರಳುವ ಟಿಕೆಟ್ಟಿಗೆ ನೆರವಾಗುತ್ತವೆ. ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ತುರ್ತು ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಅಗತ್ಯ. ಆದರೆ ಆ ನಿಧಿ ಇರುವುದು ಅತಿ ಸಂಕಷ್ಟದವರಿಗಾಗಿ, ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿದ ಮೇಲೆ. ಊರಿನಲ್ಲಿ ಹಣವಿಟ್ಟುಕೊಂಡವರು ಅದರ ಮುಂದೆ ಕೈಚಾಚುವ ಸ್ಥಿತಿ ಬರಬಾರದು.

ಆದ್ದರಿಂದ ರಿಸರ್ವ್ ಬ್ಯಾಂಕ್ ಈ ವಿಷಯವನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಪ್ರವಾಸದಲ್ಲಿರುವ ಪತಿ, ಪತ್ನಿ, ಮಕ್ಕಳು, ತಂದೆ-ತಾಯಿಗಳಿಗೆ, ಐನೂರು ಡಾಲರ್‌ನಷ್ಟು ಮಿತಿ ಹಾಕಿ, ಕಳಿಸುವವರ ಪ್ಯಾನ್ ಮತ್ತು ಪಡೆಯುವವರ ಪಾಸ್‌ಪೋರ್ಟ್ ಆಧಾರದಲ್ಲಿ, ರಜಾದಿನವೂ ಸೇರಿ ದಿನದ 24 ಗಂಟೆ ಹಣ ಕಳಿಸುವ ಸೌಲಭ್ಯ ಬೇಕು. ಮೊತ್ತವನ್ನು ಕಳಿಸುವವರ ವಾರ್ಷಿಕ ಮಿತಿಯಲ್ಲೇ ಸೇರಿಸಿಕೊಳ್ಳಲಿ. ತಂತ್ರಜ್ಞಾನ ಅಡ್ಡಿಯಲ್ಲ. 2023ರ ಫೆಬ್ರುವರಿಯಿಂದ ಯುಪಿಐ ಮತ್ತು ಸಿಂಗಪುರದ ಅಂಥದೇ ಪಾವತಿ ವ್ಯವಸ್ಥೆಯಾದ ಪೇನೌ ಜೋಡಣೆಯಾಗಿ ಎರಡೂ ದೇಶಗಳ ಖಾತೆದಾರರು ಹಣ ಕಳಿಸಿಕೊಳ್ಳುತ್ತಿದ್ದಾರೆ. ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್‌ಗಳ ಪಾವತಿ ವ್ಯವಸ್ಥೆಗಳನ್ನೂ ಬೆಸೆಯುವ ನೆಕ್ಸಸ್ ಯೋಜನೆಗೆ 2024ರಲ್ಲಿ ರಿಸರ್ವ್ ಬ್ಯಾಂಕ್ ಸೇರಿದೆ. ಅಲ್ಲಿ ಖಾತೆ ಇಲ್ಲದ ಪ್ರವಾಸಿಗರ ತುರ್ತನ್ನೂ ಅದರ ರೂಪರೇಷೆಯಲ್ಲಿ ಸೇರಿಸಲು ಇದೇ ಸಮಯ.

ಅಲ್ಲಿಯವರೆಗೆ ನಮ್ಮ ರಾಜ್ಯದಲ್ಲೇ ಆಗಬಹುದಾದ ಕೆಲಸವೂ ಇದೆ. ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯು, ವಿದೇಶಿ ವಿನಿಮಯ ನೀಡುವ ಪ್ರತಿ ಶಾಖೆಯಲ್ಲಿ ಕಾರ್ಡ್ ಹಸ್ತಾಂತರಿಸುವ ಮೊದಲು ಅದರ ವಿದೇಶ ಬಳಕೆಯ ಅನುಮತಿಯನ್ನು ಗ್ರಾಹಕರ ಎದುರಿನಲ್ಲೇ ತೆರೆದು ತೋರಿಸುವಂತೆ, ಊರಿನಲ್ಲಿರುವ ಒಬ್ಬ ಬಂಧುವಿಗೆ ಕಾರ್ಡಿಗೆ ಹಣ ತುಂಬಿಸುವ ಅಧಿಕಾರವನ್ನು ಆಗಲೇ ಬರೆಸಿಕೊಳ್ಳುವಂತೆ, ಹೋಟೆಲ್ ಠೇವಣಿ, ಒಟಿಪಿ, ರೋಮಿಂಗ್ ವಿಷಯಗಳನ್ನು ತಿಳಿಸುವ ಒಂದು ಪುಟದ ಕನ್ನಡ ಸೂಚನಾಪತ್ರವನ್ನು ಕಡ್ಡಾಯವಾಗಿ ಕೊಡುವಂತೆ ಸದಸ್ಯ ಬ್ಯಾಂಕುಗಳಿಗೆ ತಿಳಿಸಬೇಕು. ಪ್ಯಾಕೇಜ್ ಮಾರುವ ಪ್ರವಾಸ ಸಂಸ್ಥೆಗಳಿಗೂ ಅದೇ ಸೂಚನಾಪತ್ರ ಹಂಚುವಂತೆ ಪ್ರವಾಸೋದ್ಯಮ ಇಲಾಖೆ ಹೇಳಬಹುದು. ಮುಂದಿನ ರಜೆಯ ಬುಕಿಂಗ್ ಶುರುವಾಗುವ ಮೊದಲೇ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ