ಎತ್ತರದ ಫಲಕ ತಿರುವಿಗೆ ಮೊದಲೇ ಇರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಕೆಳಸೇತುವೆಗಳಲ್ಲಿ ಎತ್ತರ ತಿಳಿಸುವ ಫಲಕ ಅನೇಕ ಕಡೆ ಸೇತುವೆಯ ಬಾಯಲ್ಲೇ ಇರುತ್ತದೆ. ಉದ್ದನೆಯ ಟ್ರೇಲರ್ ಅಲ್ಲಿಯವರೆಗೆ ಬಂದ ಮೇಲೆ ತಿರುಗಲೂ ಆಗದು, ಹಿಂದೆ ಸರಿಯಲೂ ಆಗದು. ಟ್ರೇಲರ್ ಲಾರಿಯ ಮೇಲೆ ಮುಂಬೈಯಿಂದ ಚೆನ್ನೈಗೆ ಹೊರಟಿದ್ದ ಹಾಯಿದೋಣಿಯೊಂದು ಇತ್ತೀಚೆಗೆ ಹೀಗೆಯೇ ಸಿಕ್ಕಿಕೊಂಡಿತು. ಟೈರ್ ಬದಲಿಸಲೆಂದು ಚಾಲಕರು ಹೆದ್ದಾರಿ ಬಿಟ್ಟು ಇಳಿದಿದ್ದರು. ಆ ಲಾರಿಯನ್ನು ಗೊತ್ತುಮಾಡಿದ್ದು ನಾನು.

ಸಮುದ್ರದಲ್ಲಾದರೆ ಕನ್ಯಾಕುಮಾರಿಯನ್ನು ಬಳಸಿ ಹೋಗಬೇಕು. ಮಳೆಗಾಲದ ಅರಬ್ಬೀ ಸಮುದ್ರದಲ್ಲಿ ಸಣ್ಣ ದೋಣಿಗೆ ಅದು ಅಪಾಯದ ಮಾತು. ರಸ್ತೆಯಲ್ಲಾದರೆ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರು ಹಾಯ್ದು ಚೆನ್ನೈ ಮುಟ್ಟಿಸುತ್ತದೆ.

ಹಾಯಿದೋಣಿ ಸಾಮಾನ್ಯ ಸರಕಲ್ಲ. ಅದರ ಹೊಟ್ಟೆಯ ಕೆಳಗೆ ಕೀಲ್ ಎಂಬ ಭಾರವಾದ ರೆಕ್ಕೆ ಇರುತ್ತದೆ. ಟ್ರೇಲರಿನ ಮೇಲೆ ದೋಣಿಯ ಭಾರ ಬಹುಪಾಲು ಆ ಕೀಲ್ ಮೇಲೆಯೇ ಕೂರಬೇಕು. ಪಕ್ಕದ ಆಧಾರಗಳು ದೋಣಿ ವಾಲದಂತೆ ತಡೆಯುವುದಕ್ಕೆ ಮಾತ್ರ. ಹೀಗಾಗಿ ತೀರಾ ತಗ್ಗಾದ ಲೋ ಬೆಡ್ ಟ್ರೇಲರ್ ತಂದರೂ ದೋಣಿಯ ಮೇಲ್ಭಾಗ ಎತ್ತರದಲ್ಲೇ ಉಳಿಯುತ್ತದೆ. ಹಾಯಿಕಂಬವನ್ನು ಕ್ರೇನಿನಿಂದ ಇಳಿಸಿ, ಬಟ್ಟೆ ಸುತ್ತಿ, ಬೇರೆಯಾಗಿ ಕಟ್ಟುತ್ತಾರೆ. ಮುಂಭಾಗದ ಕಂಬಿ, ಆಂಟೆನಾಗಳನ್ನೂ ಬಿಚ್ಚಿಡುತ್ತಾರೆ. ದೋಣಿಯನ್ನು ಟ್ರೇಲರಿಗೆ ಏರಿಸಿದ ಮೇಲೆ ನೆಲದಿಂದ ತುದಿಯವರೆಗೆ ಮತ್ತೊಮ್ಮೆ ಅಳೆದು, ಆ ಅಂಕಿಯನ್ನು ಚಾಲಕರ ಕೈಗೆ ಬರೆದುಕೊಡಬೇಕು. ದೋಣಿಯ ಮಾಲೀಕರು ಹೇಳಿದ ಅಳತೆಯನ್ನೇ ನಂಬಿ ಬಾಡಿಗೆ ಗೊತ್ತುಮಾಡುವವರಿಗೆ ನನ್ನ ಕಳಕಳಿಯ ಮನವಿ ಇದು. ನಾವು ಅಳೆದೇ ಬರೆದುಕೊಟ್ಟಿದ್ದೆವು. ಆದರೆ ಆ ಅಂಕಿಯನ್ನು ಹೋಲಿಸಿ ನೋಡಲು ಫಲಕ ಕಂಡದ್ದು ತಿರುವು ದಾಟಿದ ಮೇಲೆ!

35 ಅಡಿ ಉದ್ದದ ಹಾಯಿದೋಣಿ ಸಾಮಾನ್ಯವಾಗಿ 10 ಅಡಿಗಿಂತ ಅಗಲವಿರುತ್ತದೆ. ಹೀಗೆ ಅಗಲದ ಮಿತಿ ಮೀರಿದ ಸರಕಿಗೆ ಅನುಮತಿ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಸರಕು ಇಳಿಸುವ ಖರ್ಚು ಬೇರೆ. ಇದು ಸರಿಯಾದ ಕಾನೂನು, ಅದಕ್ಕೆ ನನ್ನ ತಕರಾರಿಲ್ಲ. ಅನುಮತಿ ಪಡೆದು ಬಂದವರಿಗೆ ದಾರಿಯ ಮಾಹಿತಿ ಸಿಗಬೇಕಲ್ಲವೇ?

ಈ ತೊಂದರೆ ದೋಣಿಗಷ್ಟೇ ಅಲ್ಲ. ಚಿತ್ರದುರ್ಗದ ಗುಡ್ಡಗಳಿಗೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರುಗಳು ಬರುತ್ತವೆ. ಟ್ರಾನ್ಸ್‌ಫಾರ್ಮರ್, ಬಾಯ್ಲರ್ ಹೊತ್ತವೂ ಇದೇ ಹೆದ್ದಾರಿಯಲ್ಲಿ ಹಾಯುತ್ತವೆ. ಒಂದು ಟ್ರೇಲರ್ ಕೆಳಸೇತುವೆಯಲ್ಲಿ ನಿಂತರೆ ಶಾಲಾ ಬಸ್ಸು, ಆಂಬುಲೆನ್ಸ್ ಎಲ್ಲವೂ ಅದರ ಹಿಂದೆ ನಿಲ್ಲಬೇಕು. ಅಂದು ಹಾಗೆಯೇ ಆಯಿತು, ಜನ ಬೈದದ್ದು ಮಾತ್ರ ಚಾಲಕರನ್ನು.

ಕೆಳಸೇತುವೆಯ ಎತ್ತರವನ್ನು ಹೆದ್ದಾರಿಯಿಂದ ಇಳಿಯುವ ಜಾಗದಲ್ಲೇ, ರಾತ್ರಿಯೂ ಹೊಳೆಯುವ ಅಕ್ಷರಗಳಲ್ಲಿ, ಕನ್ನಡದ ಜೊತೆ ಹಿಂದಿ ಮತ್ತು ಇಂಗ್ಲಿಷಿನಲ್ಲೂ ಬರೆಸಬೇಕು. ರಸ್ತೆಗೆ ಹೊಸ ಡಾಂಬರು ಹಾಕಿದಾಗಲೆಲ್ಲ ಎತ್ತರವನ್ನು ಮತ್ತೆ ಅಳೆದು ಅಂಕಿ ತಿದ್ದಬೇಕು. ಸಂಬಂಧಪಟ್ಟ ಇಲಾಖೆಗಳು ಫಲಕದ ಜಾಗ ಗುರುತಿಸುವಾಗ ಟ್ರೇಲರ್ ಚಾಲಕರೊಬ್ಬರನ್ನು ಜೊತೆಗೆ ಕರೆದೊಯ್ಯಲಿ.

– ಲಾರಿ ಬುಕಿಂಗ್ ಏಜೆಂಟ್, ದಾವಣಗೆರೆ