ಆರ್ಕಿಡ್ ಹೂಕಡ್ಡಿ ಬರುವ ಹೊತ್ತು, ಒಮ್ಮೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ಸೋಮವಾರಪೇಟೆ ಕಡೆ ರಾತ್ರಿ ಚಳಿ ಹಿಡಿದಿದೆ. ಕಳೆದ ವರ್ಷ ಫಲೆನಾಪ್ಸಿಸ್ ಜಾತಿಯ ಆರ್ಕಿಡ್ ಕುಂಡ ತಗೊಂಡವರೆಲ್ಲ ಈ ವಾರ ಎಲೆಯ ಬುಡ ನೋಡಿ. ರಾತ್ರಿ 15ರಿಂದ 18 ಡಿಗ್ರಿ ತಂಪು ಕೆಲವು ವಾರ ಸಿಕ್ಕರೆ ಹೂಕಡ್ಡಿ ಹೊರಡುತ್ತದೆ. ಬೇರಿನ ತುದಿ ದುಂಡಗೆ, ನುಣುಪು. ಹೂಕಡ್ಡಿಯ ತುದಿ ಚಪ್ಪಟೆ, ಮಗುವಿನ ಕೈಗವಸಿನ ಹಾಗೆ. ಬೇರೆಂದುಕೊಂಡು ಕತ್ತರಿಸಬೇಡಿ, ಹೋದ ಸಲ ನಾನೇ ಕತ್ತರಿಸಿ ಪೆಚ್ಚಾಗಿದ್ದೆ!

ನೀರು ಬೆಳಿಗ್ಗೆಯೇ ಹಾಕಿ, ಬೇರು ಬೆಳ್ಳಗೆ ಕಂಡಾಗ ಮಾತ್ರ. ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸುತ್ತಾ ಇರಬೇಡಿ. ಬಾಳೆಗೊನೆ ತೂಗುಹಾಕಿದ ಜಾಗದಿಂದಲೂ ದೂರ ಇಡಿ, ಹಣ್ಣಾಗುವಾಗ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತದೆ. ಕುಂಡದೊಳಗಿನ ತೊಗಟೆಚೂರು ಬದಲಿಸುವುದು ಹೂ ಮುಗಿದ ಮೇಲೆ.

ತೋಟದ ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್ ಸೀತಾಳೆ ದಂಡೆಯ ಲೆಕ್ಕ ಬೇರೆ, ಅದು ಹೂ ಬಿಡುವುದು ಮಳೆ ಶುರುವಾಗುವ ಹೊತ್ತಿಗೆ. ಮರ ಕಪಾತಿನಲ್ಲಿ ಕೊಂಬೆ ಸಮೇತ ಬಿದ್ದರೆ ಎಸೆಯಬೇಡಿ, ಇನ್ನೊಂದು ಮರಕ್ಕೆ ಕಟ್ಟಿಬಿಡಿ.

ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆ ಜಗಲಿಯಲ್ಲಿ ಸೇರೋಣ. ಕಾಫಿ ಕುಯ್ಲಿನಿಂದ ಬರಲಾಗದವರು ಇಲ್ಲಿ ಗಿಡದ ಫೋಟೊ ಹಾಕಿದರೂ ಸಾಕು. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಕಡುಬಿನ ಲೆಕ್ಕ ಬೇಕು.