ಹೆಡ್ಡಿನ ತೂತಿಗೆ ಅಂಟು ಮೆತ್ತಿ ಕೊಟ್ಟ ಬಗ್ಗೆ ದೂರು

ಶಿರಸಿಯಿಂದ

ಎಂಜಿನ್ ಬೋರಿಂಗ್ ಮತ್ತು ಹೆಡ್ ಕೆಲಸದ ಅಂಗಡಿಯ ಮಾಲೀಕರಿಗೆ,
ಹುಬ್ಬಳ್ಳಿ

ಮಾನ್ಯರೇ,

ಏಳು ಸಲ ಫೋನ್ ಮಾಡಿದೆ. ಎರಡು ಸಲ ನೂರು ಕಿಲೋಮೀಟರ್ ಬಂದು ಹೋದೆ. ಇನ್ನು ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ ಅಂತ ಬರೆಯುತ್ತಿದ್ದೇನೆ.

ನವೆಂಬರ್ 11ರಂದು ನಿಮ್ಮಲ್ಲಿ ಕೊಟ್ಟದ್ದು ನನ್ನ ಆಕ್ಟೇವಿಯಾ ಆರ್‌ಎಸ್ ಕಾರಿನ ಹೆಡ್, ಎಂಜಿನ್ ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ. 1.8 ಲೀಟರ್ ಟರ್ಬೊ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್. ದೊಡ್ಡ ಟರ್ಬೊ ಕೂರಿಸುವವನಿದ್ದೆ. ಅದಕ್ಕೆ ಹೆಡ್ ತಯಾರಾಗಬೇಕಿತ್ತು. ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದು ಹಾಳೆಯಲ್ಲಿ ಬರೆದೇ ಕೊಟ್ಟಿದ್ದೆ. ಹೊಗೆ ಹೊರಹೋಗುವ ದಾರಿ, ಎಕ್ಸಾಸ್ಟ್ ಪೋರ್ಟ್, ಚೆನ್ನಾಗಿ ಬಿಡಿಸಿ. ಗಾಳಿ ಒಳಬರುವ ಇನ್‌ಟೇಕ್ ಪೋರ್ಟಿಗೆ ಜಾಸ್ತಿ ಕೈ ಹಚ್ಚಬೇಡಿ, ಗ್ಯಾಸ್ಕೆಟ್ಟಿನ ಅಂಚಿಗೆ ಹೊಂದಿಸಿದರೆ ಸಾಕು. ವಾಲ್ವ್ ಗ್ರೈಂಡ್ ಮಾಡಬೇಡಿ, ಪೇಸ್ಟ್ ಹಚ್ಚಿ ಉಜ್ಜುವ ಲ್ಯಾಪಿಂಗ್ ಮಾತ್ರ ಮಾಡಿ, ಎಕ್ಸಾಸ್ಟ್ ವಾಲ್ವಿನ ಒಳಗೆ ಸೋಡಿಯಂ ಇದೆ. ಫೇಸಿಂಗ್, ಅಂದರೆ ಹೆಡ್ಡಿನ ತಳ ಕೆರೆದು ಸಮ ಮಾಡುವುದು, 0.1 ಮಿಲಿಮೀಟರ್ ದಾಟಬಾರದು. ಹಾಳೆಯ ಕೆಳಗೆ ನಿಮ್ಮ ಸೂಪರ್‌ವೈಸರ್ ಸಹಿ ಇದೆ.

ಕೊಡುವ ಮುಂಚೆ ನಮ್ಮ ಮೆಕ್ಯಾನಿಕ್ ಹೆಡ್ಡಿನ ಎತ್ತರ ಅಳೆದು ಅದೇ ಹಾಳೆಯಲ್ಲಿ ಬರೆದಿದ್ದರು. ಈಗ ಅಳೆದರೆ 0.6 ಮಿಲಿಮೀಟರ್ ಕಮ್ಮಿ ಇದೆ. ಇದು ಸಣ್ಣ ಲೆಕ್ಕ ಅಲ್ಲ ಅಂತ ನಿಮಗೂ ಗೊತ್ತು. ಬೋರ್ 81 ಮಿಲಿಮೀಟರ್. ಅಷ್ಟು ಕೆರೆದರೆ ಸಿಲಿಂಡರಿಗೆ ಸುಮಾರು 3 ಸಿಸಿ ಜಾಗ ಹೋಗುತ್ತದೆ. ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಕಂಪ್ರೆಶನ್ ಲೆಕ್ಕ 9.5 ಇದ್ದದ್ದು 10ರ ಹತ್ತಿರ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ಒಳ್ಳೆಯದೇ ಇರಬಹುದು. ಆದರೆ ನಾನು ಟರ್ಬೊದಿಂದ ಗಾಳಿ ಒತ್ತಿ ತುಂಬುವವನು, ನಮ್ಮೂರ ಬಂಕಿನಲ್ಲಿ ತುಂಬಿಸುವುದು ಸಾಮಾನ್ಯ ಪೆಟ್ರೋಲ್. ಹೊರೆ ಬಿದ್ದ ಕೂಡಲೇ ನಾಕ್ ಶುರು, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯದೆ ತಾನಾಗಿ ಸಿಡಿಯುತ್ತದೆ. ಅದು ಮುಂದುವರಿದರೆ ಪಿಸ್ಟನ್ ಒಡೆಯುತ್ತದೆ. 0.1 ಅಂತ ಬರೆದದ್ದು ಇದೇ ಕಾರಣಕ್ಕೆ.

ಇಷ್ಟೇ ಆಗಿದ್ದರೆ ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಹುಡುಕಿ ಹಾಕಿ, ಹೋದ ಜಾಗ ವಾಪಸ್ ತಂದು ಸುಮ್ನಾಗುತ್ತಿದ್ದೆ.

ಡಿಸೆಂಬರಿನಲ್ಲಿ ಗಾಡಿ ಕಟ್ಟಿದೆವು. ಮೊದಲು ಹಳೆಯ ಟರ್ಬೊದಲ್ಲೇ ಓಡಿಸಿ ನೋಡೋಣ ಅಂತ ಆಯಿಯನ್ನು ಕೂರಿಸಿಕೊಂಡು ಕುಮಟಾಕ್ಕೆ ಹೊರಟೆ. ದೇವಿಮನೆ ಘಟ್ಟ ಇಳಿಯುವಾಗ ಕನ್ನಡಿಯಲ್ಲಿ ಬರೀ ಬಿಳಿ ಹೊಗೆ. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಕಾರಣ ಆಮೇಲೆ ಗೊತ್ತಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇನ್‌ಟೇಕ್ ಕಡೆ ಎಂಜಿನ್ ಗಾಳಿ ಎಳೆಯುತ್ತದೆ. ಎಲ್ಲಿ ತೂತಿದೆಯೋ ಅಲ್ಲಿಂದ ಎಂಜಿನ್ ತಂಪು ಮಾಡುವ ನೀರು, ಕೂಲಂಟ್, ಒಳಗೆ ಬರುತ್ತದೆ. ರಾತ್ರಿ ವಾಪಸ್ ಹತ್ತುವಾಗ ಕೂಲಂಟ್ ಖಾಲಿಯಾಗಿ ಮುಳ್ಳು ಕೆಂಪಿಗೆ ಹೋಯಿತು. ಕಾಡಿನ ತಿರುವಿನಲ್ಲಿ ನಿಂತೆವು. ನೆಟ್‌ವರ್ಕ್ ಇಲ್ಲ. ಆಯಿಗೆ 71 ವರ್ಷ. ಒಂದು ಲಾರಿಯವರು ನಿಲ್ಲಿಸಿ ನೀರು ಕೊಡುವ ತನಕ ಎರಡು ಗಂಟೆ ಅವಳು ಕತ್ತಲಲ್ಲಿ ಕೂತಿದ್ದಳು.

ಹೆಡ್ ಬಿಚ್ಚಿದೆವು. ಎರಡನೇ ಸಿಲಿಂಡರಿನ ಇನ್‌ಟೇಕ್ ಪೋರ್ಟಿನ ಮೇಲುಭಾಗದಲ್ಲಿ ಬೂದು ಬಣ್ಣದ ಎಪಾಕ್ಸಿ ಅಂಟು. ಅರ್ಧ ಕಿತ್ತು ಹೋಗಿದೆ. ಅದರ ಕೆಳಗೆ ಕಡಲೆಬೇಳೆಯಷ್ಟು ತೂತು, ನೇರ ನೀರಿನ ದಾರಿಗೆ. ಜಾಸ್ತಿ ಕೈ ಹಚ್ಚಬೇಡಿ ಅಂದ ಪೋರ್ಟನ್ನೇ ಕೊರೆದು, ನೀರಿನ ತನಕ ಹೋಗಿ, ಅಂಟು ಮೆತ್ತಿ, ಮೇಲೆ ಪಾಲಿಶ್ ಹೊಡೆದು ಕೊಟ್ಟಿದ್ದೀರಿ. ಕೆಲಸ ಮುಗಿದ ಮೇಲೆ ಸೋರುತ್ತದಾ ಅಂತ ನೋಡುವ ಪ್ರೆಶರ್ ಟೆಸ್ಟ್ ಮಾಡದೆ ಹೆಡ್ ಹೊರಗೆ ಕೊಡುವುದಿಲ್ಲ ಅಂತ ನಿಮ್ಮ ಜಾಬ್ ಕಾರ್ಡಿನ ಹಿಂದೆ 4ನೇ ನಿಯಮ. ನಾನು ಅದನ್ನು ನಿಮಗೆ ಓದಿ ಹೇಳಬೇಕಾ? ಟೆಸ್ಟಿಗೆ ₹1,200 ಬಿಲ್ಲಿನಲ್ಲಿ ಹಾಕಿದ್ದೀರಿ. ನಾನು ಕೊಟ್ಟಿದ್ದೇನೆ.

ಜನವರಿ 6ರಂದು ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ತಮ್ಮನ ಗಾಡಿಯಲ್ಲಿ ಹಾಕಿಕೊಂಡು ನಿಮ್ಮಲ್ಲಿಗೆ ಬಂದೆ. ಕೌಂಟರ್ ಮೇಲೆ ಇಡಲು ಹೋದೆ. "ಅಲ್ಲಿ ಇಡಬ್ಯಾಡ್ರೀ, ಗಾಜು ಒಡೀತೈತಿ" ಅಂದರು ನಿಮ್ಮ ಸೂಪರ್‌ವೈಸರ್. ನೆಲದ ಮೇಲೆ ಇಟ್ಟೆ. ಅವರು ಕುರ್ಚಿಯಿಂದ ಏಳಲಿಲ್ಲ. ನಾನೇ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಿಡಿದು, ಇಲ್ಲಿ ನೋಡಿ ಅಂತ ತೋರಿಸಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಾತು ಮುಗಿಯುವ ತನಕ ಟಾರ್ಚ್ ಹಿಡಿದುಕೊಂಡೇ ಕೂತಿದ್ದೆ. ಆರೇಳು ಗಿರಾಕಿಗಳು ಸುತ್ತ ನಿಂತಿದ್ದರು.

"ಇದು ನಮ್ಮ ಅಂಟಲ್ರೀ. ನಿಮ್ಮ ಶಿರಸಿ ಮೆಕ್ಯಾನಿಕ್ ಹಚ್ಚಿರಬೇಕು" ಅಂದರು. ಬಗ್ಗಿ ನೋಡದೇ ಅಂದ ಮಾತು. ಅಂಟಿನ ಮೇಲೆ ನಿಮ್ಮ ಪಾಲಿಶಿನ ಗೀರು ಇದೆ, ಪೋರ್ಟಿನ ಗೀರಿಗೆ ಸೇರಿಕೊಂಡೇ ಇದೆ ಅಂದೆ. ಉತ್ತರ ಇಲ್ಲ. ಬಿಲ್ ತೆಗೆದೆ. 16 ವಾಲ್ವ್ ಗ್ರೈಂಡಿಂಗ್ ಅಂತ ಇದೆ. ನನ್ನ ಹೆಡ್ಡಿನಲ್ಲಿ 20 ಇವೆ, ಗ್ರೈಂಡ್ ಮಾಡಬೇಡಿ ಅಂತಲೂ ಬರೆದಿದ್ದೆ ಅಂದೆ. "ಕಂಪ್ಯೂಟರಿನಾಗ ಹಂಗ ಬರ್ತೈತ್ರೀ" ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹೆಗಡೇರ, ಅಡಿಕಿ ಬೆಳಿಯೋರಿಗೆ ಟರ್ಬೊ ಗಿರ್ಬೊ ಯಾಕ ಬೇಕ್ರೀ? ಒಂದು ಜೀಪ್ ತಗೊಂಡು ಆರಾಮ ಇರ್ರಿ" ಅಂದರು. ಎಲ್ಲ ನಕ್ಕರು. ಚಾ ತಂದ ಹುಡುಗನೂ ನಕ್ಕ. ಹೆಡ್ಡನ್ನು ಮತ್ತೆ ಚೀಲಕ್ಕೆ ಹಾಕಿ ಒಬ್ಬನೇ ಎತ್ತಿಕೊಂಡು ಹೊರಬಂದೆ. ಯಾರೂ ಕೈ ಕೊಡಲಿಲ್ಲ.

ಹೌದು, ನಾನು ಅಡಿಕೆ ಬೆಳೆಯುವವನು. ಎರಡು ಕೊಯ್ಲಿನ ದುಡ್ಡು ಉಳಿಸಿ ಈ ಗಾಡಿ ತಗೊಂಡಿದ್ದೇನೆ. ನಿಮ್ಮ ₹38,500 ಬಿಲ್ ಒಂದೇ ಸಲಕ್ಕೆ ಕಟ್ಟಿದ್ದೇನೆ. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಕೈತಪ್ಪಿ ತೂತಾಯಿತು ಅಂತ ಅವತ್ತೇ ಒಂದು ಫೋನ್ ಮಾಡಿದ್ದರೆ ಬೇರೆ ಹೆಡ್ ಇಬ್ಬರೂ ಸೇರಿ ಹುಡುಕಬಹುದಿತ್ತು. ಕೊರೆಯುವಾಗ ಗೋಡೆ ತೂತಾಗುವುದು ಯಾರ ಕೈಯಲ್ಲೂ ಆಗಬಹುದು. ಅಂಟು ಮೆತ್ತಿದ್ದು ಕೈತಪ್ಪಲ್ಲ. ಗೊತ್ತಿದ್ದೇ ಮಾಡಿದ್ದು, ಅಲ್ವಾ?

ಬಿಲ್ಲಿನ ಪೂರ್ತಿ ದುಡ್ಡು ಮತ್ತು ಒಂದು ಒಳ್ಳೆಯ ಹೆಡ್ಡಿನ ಬೆಲೆ 15 ದಿನದಲ್ಲಿ ಬರಬೇಕು. ನಿಮ್ಮಲ್ಲೇ ವೆಲ್ಡಿಂಗ್ ಮಾಡಿಸಿ ಕೊಡುತ್ತೇವೆ ಅನ್ನಬೇಡಿ. ಈ ಹೆಡ್ ಇನ್ನು ನಿಮ್ಮ ಬಾಗಿಲು ದಾಟುವುದಿಲ್ಲ.

ಬರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ. ನನಗೆ ಎರಡು ವರ್ಷ ಸಮಯ ಇದೆ. ಇದು ಬಾಡಿಗೆ ಓಡಿಸುವ ಗಾಡಿ ಅಲ್ಲ, ಸ್ವಂತದ್ದು. ಹಾಳೆ, ಬಿಲ್, ಜಾಬ್ ಕಾರ್ಡ್ ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ. ಹೆಡ್ಡನ್ನು ಎರಡನೇ ಪೋರ್ಟಿನ ಹತ್ತಿರ ಅಡ್ಡ ಕತ್ತರಿಸಿ ಆಯೋಗದ ಮುಂದೆ ಇಡುತ್ತೇನೆ. ಅವತ್ತು ನಿಮ್ಮ ಸೂಪರ್‌ವೈಸರ್ ಅರಬೈಲ್ ಘಟ್ಟ ಇಳಿದು ಬಂದು, ನನ್ನ ಮುಖ ನೋಡಿ, ಇದು ನಮ್ಮ ಅಂಟಲ್ಲ ಅಂತ ಹೇಳಲಿ.

ಇಂತಿ,
ಶಿರಸಿ ತಾಲೂಕಿನ ನಿಮ್ಮ ಗಿರಾಕಿ